ಮುಂಬೈಯಲ್ಲಿ ಮೂವತ್ತಾರು ಮಕ್ಕಳಿಗೆ ಜಾಗ

ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ಬಾಯಿಯವರು ಜೀವಮಾನವೆಲ್ಲ ಭೂಗೋಳ ಕಲಿಸಿದರು ಎಂದು ಭಾಷಣ ಮಾಡಿದರು. ಭೂಗೋಳವನ್ನು ನಾನು ಬಿಡುವಿದ್ದಾಗ ಕಲಿಸಿದೆ. ನನ್ನ ನಿಜವಾದ ಉದ್ಯೋಗ ಬೇರೆಯಿತ್ತು. ಪ್ರತಿ ಚಳಿಗಾಲ ಮೂವತ್ತಾರು ಮಕ್ಕಳನ್ನು ಮಹಾರಾಷ್ಟ್ರದ ಗಡಿಯ ನಮ್ಮ ಗಡಹಿಂಗ್ಲಜದಿಂದ ಎಸ್.ಟಿ. ಬಸ್ಸಿನಲ್ಲಿ ಕೊಲ್ಹಾಪುರಕ್ಕೂ ಅಲ್ಲಿಂದ ರೈಲಿನಲ್ಲಿ ಮುಂಬೈಗೂ ಒಯ್ದು, ಆ ಮಹಾನಗರದಲ್ಲಿ ಅವರು ಮಲಗಲು ಅಗ್ಗದ ಜಾಗ ಹುಡುಕುವುದು. ಸಮುದ್ರ, ವಸ್ತುಸಂಗ್ರಹಾಲಯ, ವಿಮಾನ ಹಾರುವುದು ಇವನ್ನೆಲ್ಲ ಮಕ್ಕಳು ನೋಡಿದರು. ನಾನು ನೋಡಿದ್ದು ಪಾಯಖಾನೆಗಳನ್ನು.

ನಮ್ಮ ಕಡೆ ಶಿಕ್ಷಕಿಗೆ ಮರಾಠಿಯಂತೆ ‘ಬಾಯಿ’ ಎನ್ನುತ್ತಾರೆ. ಕನ್ನಡದಲ್ಲಿ ಆ ಶಬ್ದದ ಅರ್ಥ ನಿಮಗೆ ಗೊತ್ತು. ನನ್ನ ವಿಷಯದಲ್ಲಿ ಎರಡೂ ಅರ್ಥ ಸರಿ ಎಂದು ಶಿಕ್ಷಕರ ಖೋಲಿಯಲ್ಲಿ ಹೇಳಿಕೊಂಡು ನಗುತ್ತಿದ್ದರು. ಶಾಲೆ ಮರಾಠಿಯದು, ಮನೆಮಾತು ಕನ್ನಡ. ಪ್ರವಾಸದ ವರದಿಗಳನ್ನೆಲ್ಲ ಮರಾಠಿಯಲ್ಲಿ ಬರೆದಿದ್ದೇನೆ, ಒಂದೊಂದರಲ್ಲೂ ‘ವಸತಿ ವ್ಯವಸ್ಥೆ ಉತ್ತಮವಾಗಿತ್ತು’ ಎಂಬ ವಾಕ್ಯ ತಪ್ಪದೆ ಇದೆ. ಖರೆ ಬರೆಯಬೇಕೆಂದಾಗ ಬೇರೆ ಭಾಷೆಯೇ ಬೇಕಾಯಿತು. ಹೊಸದಾಗಿ ಮಾಸ್ತರಿಕೆಗೆ ಸೇರುವವರು ಇದನ್ನು ಓದಲಿ. ಬಿ.ಎಡ್.ನಲ್ಲಿ ಇದಕ್ಕೆ ಪೇಪರ್ ಇಲ್ಲ.

ಈ ಹುದ್ದೆ ನನಗೆ ಸಿಕ್ಕಿದ್ದು ನನ್ನ ಅರ್ಹತೆಯಿಂದಲೇ. ಶಿಕ್ಷಕರ ಸಭೆಯ ನಡುವೆ ನೀರು ಕುಡಿಯಲು ಎದ್ದು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ನನ್ನನ್ನು ಪ್ರವಾಸ ಪ್ರಮುಖಳೆಂದು ಸರ್ವಾನುಮತದಿಂದ ಆರಿಸಿದ್ದರು. ನಮ್ಮ ಮುಖ್ಯಾಧ್ಯಾಪಕರು ದೇಸಾಯಿ ಸರ್, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ಮುಂಬೈಗೆ ಎಂದೂ ಹೋದವರಲ್ಲ, ಆದ್ದರಿಂದ ಆ ಊರಿನ ಬಗ್ಗೆ ಅವರಿಗೆ ಯಾವ ಸಂಶಯವೂ ಇರಲಿಲ್ಲ.

“ಭೂಗೋಳ ಕಲಸಾವ್ರಿಗೆ ಊರ ಗೊತ್ತಿರತಾವಲ್ರಿ ಬಾಯಾರ,” ಎಂದರು.

“ಜಾಗಾ ಎಲ್ಲಿ ಸಿಗತೈತ್ರಿ ಸರ್, ಅಷ್ಟ ಕಡಿಮಿ ದರಕ್ಕ?”

“ಅಲ್ರಿ, ಮುಂಬೈಯಾಗ ಲಕ್ಷಗಟ್ಟಲೆ ಮಂದಿ ಮಲಗ್ತಾರ. ನಮ್ಮ ಮೂವತ್ತಾರು ಹುಡುಗ್ರಿಗೆ ಒಂದ ಹಾಲ್ ಸಿಗೂದಿಲ್ಲೇನು?”

ಈ ತರ್ಕ ಹಿಡಿದುಕೊಂಡೇ ಮುಂಬೈಗೆ ಪತ್ರ ಬರೆಯಲು ಕೂತೆ.

ಮೊದಲ ವರ್ಷ ಎಲ್ಲ ವ್ಯವಹಾರ ಕಾಗದದ ಮೇಲೆ ನಡೆಯಿತು. ಉಪನಗರದ ಒಂದು ಲಗ್ನದ ಕಾರ್ಯಾಲಯದವರು ‘ವಿಶಾಲ ಸಭಾಗೃಹ, ಪಂಖಾ, ಇಪ್ಪತ್ತನಾಲ್ಕು ತಾಸು ನೀರು’ ಎಂದು ಉತ್ತರ ಬರೆದರು. ಹೋಗಿ ನೋಡಿದರೆ ಎಲ್ಲವೂ ನಿಜ. ವಿಶಾಲವಾದ ಆ ಸಭಾಗೃಹದಲ್ಲಿ ಪಂಖದ ಕೆಳಗೆ ಒಂದು ಲಗ್ನವೂ ನಡೆಯುತ್ತಿತ್ತು. ಮ್ಯಾನೇಜರ್ ದಿನಾಂಕ ಎರಡು ಕಡೆ ಕೊಟ್ಟುಬಿಟ್ಟಿದ್ದ. ನಾನು ಅವನೊಂದಿಗೆ ಜಗಳ ಮಾಡುತ್ತಿರುವಾಗ ಗಂಡಿನ ಕಡೆಯವರು ನಮ್ಮ ಮಕ್ಕಳನ್ನು ಹೆಣ್ಣಿನ ಕಡೆಯವರೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದೂ ತಿಳಿದು ಪಂಕ್ತಿಯಲ್ಲಿ ಕೂಡಿಸಿದರು. ನಮ್ಮ ವ್ಯಾಯಾಮ ಶಿಕ್ಷಕ ಮಗದುಮ್ ಸರ್ ಜಿಲೇಬಿ ಎರಡು ಸಲ ಹಾಕಿಸಿಕೊಂಡರು. ಊರಿಗೆ ಬಂದು ಇದನ್ನು ನಾಚುತ್ತ ಹೇಳಿದರೆ ದೇಸಾಯಿ ಸರ್ ಮುಖ ಅರಳಿತು.

“ಮುಂದಿನ ವರ್ಷಾನೂ ಲಗ್ನದ ತಿಥಿ ನೋಡೇ ಹೋಗ್ರಿ,” ಎಂದರು.

ಎರಡನೆಯ ವರ್ಷ ಲಾಜು. ಹೆಸರಿನಲ್ಲಿ ‘ಪ್ಯಾಲೇಸ್’ ಇತ್ತು. ಅರಮನೆಯಲ್ಲಿ ಇಡೀ ಮಹಡಿಗೆ ಒಂದೇ ಬಚ್ಚಲು, ಅದರ ಬಾಗಿಲಿಗೆ ಚಿಲಕ ಇಲ್ಲ. ಹುಡುಗಿಯರು ಹದಿನೇಳು ಮಂದಿ. ಬೆಳಗಿನ ಮೂರು ತಾಸು ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ನಾನೇ ಚಿಲಕವಾದೆ. ಲಾಜಿನ ಗಿರಾಕಿಗಳು ಹಲ್ಲುಜ್ಜುತ್ತ ಬಂದು ನನ್ನನ್ನು ನೋಡಿ ತಿರುಗಿ ಹೋಗುತ್ತಿದ್ದರು. ಮರುವರ್ಷದಿಂದ ನನ್ನ ಚೀಲದಲ್ಲಿ ಭೂಪಟದ ಬದಲು ಎರಡು ಚಿಲಕ, ಎಂಟು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ಇರತೊಡಗಿದವು. ಮುಂಬೈಯ ಎಷ್ಟೋ ಬಚ್ಚಲುಗಳಿಗೆ ನಾನು ಕೂಡಿಸಿದ ಚಿಲಕ ಇನ್ನೂ ಇರಬಹುದು. ಶಿಕ್ಷಣ ಕ್ಷೇತ್ರಕ್ಕೆ ನನ್ನ ಕೊಡುಗೆ ಯಾವುದೆಂದು ಕೇಳಿದರೆ ಅದನ್ನೇ ತೋರಿಸುತ್ತೇನೆ.

ಒಂದಷ್ಟು ವರ್ಷ ನಮ್ಮ ಪಕ್ಕದೂರು ಮಹಾಗಾಂವದವರ ಊರ ಖೋಲಿ ನಮ್ಮನ್ನು ಕಾಪಾಡಿತು. ಮುಂಬೈಯ ಗಿರಣಿಗಳಿಗೆ ದುಡಿಯಲು ಹೋದ ನಮ್ಮ ಕಡೆಯ ಗಂಡಸರು ಊರಿಗೊಂದರಂತೆ ವಠಾರದಂಥ ಚಾಳಿನಲ್ಲಿ ಖೋಲಿ ಹಿಡಿದಿದ್ದರು. ಗಿರಣಿ ಮುಚ್ಚಿದ ಮೇಲೂ ಖೋಲಿ ಉಳಿದಿತ್ತು. ಹುಡುಗರನ್ನು ಅಲ್ಲಿ ಮಲಗಿಸಿ, ಹುಡುಗಿಯರನ್ನು ಎದುರು ಮನೆಯ ಹೆಂಗಸರ ವಶಕ್ಕೆ ಕೊಡುತ್ತಿದ್ದೆವು. ಆಮೇಲೆ ಚಾಳು ಕೆಡವಿ ಅಲ್ಲಿ ನಲವತ್ತು ಮಹಡಿ ಎಬ್ಬಿಸಿದರು. ಊರವರಿಗೆ ಎಲ್ಲೋ ದೂರದ ಉಪನಗರದಲ್ಲಿ ಜಾಗ ಕೊಡುತ್ತೇವೆ ಎಂದಿದ್ದಾರಂತೆ. ಕೊಡುತ್ತಿದ್ದಾರೆ, ಇನ್ನೂ.

ಹೀಗೆ ನಿರ್ಗತಿಕಳಾದಾಗ ನಾನು ಮಾಡಿದ ತಪ್ಪನ್ನು ಹೇಳಲು ಇಷ್ಟೆಲ್ಲ ಸುತ್ತಿ ಬಂದೆ.

ನನ್ನ ಅಣ್ಣ ಬಸವರಾಜ ಇಚಲಕರಂಜಿಯಲ್ಲಿ ಮಗ್ಗ ಇಟ್ಟವನು. ಪ್ರವಾಸಕ್ಕೆ ನೇಯ್ಗೆ ಕೆಟ್ಟ ಚಾದರುಗಳನ್ನು ಅವನೇ ಕೊಡುತ್ತಿದ್ದ. ಮುಂಬೈಯಲ್ಲಿ ನಮ್ಮ ವ್ಯಾಪಾರಿ ಸಮಾಜದವರದೇ ಒಂದು ವಸತಿಗೃಹವಿದೆ, ಅದರ ಟ್ರಸ್ಟಿಯೊಬ್ಬರು ತನ್ನ ಗಿರಾಕಿ ಎಂದು ಅವನು ಹೇಳಿದ. ಒಂದೇ ಫೋನಿನಲ್ಲಿ ಕೆಲಸವಾಯಿತು. ಎರಡು ದೊಡ್ಡ ಹಾಲ್, ಬಿಸಿನೀರು, ಎಲ್ಲ ಬಾಗಿಲಿಗೂ ಚಿಲಕ. ಬಾಡಿಗೆ ಹೆಸರಿಗಷ್ಟೇ. ಅವರು ಕೇಳಿದ್ದು ಒಂದೇ, ಮಕ್ಕಳ ಹೆಸರಿನ ಯಾದಿ.

ಯಾದಿ ಬರೆಯಲು ಕೂತಾಗ ದೇಸಾಯಿ ಸರ್ ಹಿಂದೆ ಬಂದು ನಿಂತರು.

“ಅಡ್ಡಹೆಸರ ಬ್ಯಾಡ್ರಿ ಬಾಯಾರ. ಬರೇ ಒಂದ ಅಕ್ಷರ ಹಾಕ್ರಿ. ಕಾಗದದಾಗ ಜಾಗಾ ಸಾಲೂದಿಲ್ಲ.”

ಕಾಗದದಲ್ಲಿ ಬೇಕಾದಷ್ಟು ಜಾಗವಿತ್ತು. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಸಾಕು, ಜಾತಿ ತಿಳಿಯುತ್ತದೆ. ಅವರು ಯಾಕೆ ಹಾಗೆ ಹೇಳಿದರೆಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಗಿದೆಯೆಂದು ಅವರಿಗೂ ಗೊತ್ತಾಯಿತು. ಇಬ್ಬರೂ ಸುಶಿಕ್ಷಿತರು. ನಾನು ಸುಮ್ಮನೆ ‘ಪ್ರಣಾಲಿ ಕೆ.’ ಎಂದು ಬರೆದೆ, ‘ಸುಜಾತಾ ಕೆ.’ ಎಂದು ಬರೆದೆ, ‘ರೋಹಿತ ಕೆ.’ ಎಂದು ಬರೆದೆ. ಪಕ್ಷಪಾತ ಬೇಡವೆಂದು ಉಳಿದ ಮೂವತ್ಮೂರು ಮಕ್ಕಳ ಅಡ್ಡಹೆಸರನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿದೆ. ಕೆಳಗೆ ಸಹಿ ಮಾಡಿದೆ.

ಬೆಳಿಗ್ಗೆ ರೈಲಿಳಿದು ಎಂಟು ಗಂಟೆಗೆ ವಸತಿಗೃಹ ಮುಟ್ಟಿದೆವು. ಮ್ಯಾನೇಜರ್ ಚನ್ನಪ್ಪ ಕಾಕಾ ಎಂಬ ವಯಸ್ಸಾದವರು, ಹಣೆಗೆ ವಿಭೂತಿ, ಬಾಯಿ ತುಂಬ ಕನ್ನಡ. “ಬರ್ರಿ ಬರ್ರಿ ಅವ್ವಾ, ನಮ್ಮ ಮಂದಿ ಬಂದ್ರು,” ಎಂದು ಮಕ್ಕಳಿಗೆಲ್ಲ ಚಹಾ ಕೊಡಿಸಿದರು. ಆಮೇಲೆ ರಜಿಸ್ಟರ್ ತೆಗೆದು, ಒಬ್ಬೊಬ್ಬರನ್ನೇ ಕರೆದು ಪೂರ್ತಿ ಹೆಸರು ಕೇಳಿ ಬರೆಯತೊಡಗಿದರು. ಇದು ನನ್ನ ಲೆಕ್ಕದಲ್ಲಿರಲಿಲ್ಲ.

ಒಂಬತ್ತನೆಯ ಇಯತ್ತೆಯ ಪ್ರಣಾಲಿ ಮುಂದೆ ಬಂದಳು. ಪಾಠ ಮಾಡುವಾಗ ನಾನು ತಪ್ಪಿದರೆ ಮೆಲ್ಲಗೆ ಕೈ ಎತ್ತುವ ಹುಡುಗಿ. “ಪ್ರಣಾಲಿ ಸದಾಶಿವ ಕಾಂಬಳೆ,” ಎಂದು ಶಾಲೆಯಲ್ಲಿ ಹಾಜರಿ ಹೇಳುವ ದನಿಯಲ್ಲೇ ಹೇಳಿದಳು.

ಚನ್ನಪ್ಪ ಕಾಕಾನ ಪೆನ್ನು ನಿಂತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನನ್ನನ್ನು ಮೂಲೆಗೆ ಕರೆದರು.

“ಅವ್ವಾ, ತಪ್ಪ ತಿಳಕೋಬ್ಯಾಡ್ರಿ. ನಂದ ಏನೂ ಇಲ್ಲ, ಟ್ರಸ್ಟಿ ಮಂದೀದು ಜರಾ... ಒಳಗ ಅಡಗಿಮನಿ ಐತಿ, ಪೂಜಾ ಐತಿ. ಹಿಂತಾ ಹುಡುಗ್ರು ಎಷ್ಟ ಅದಾರ?”

“ಮೂರು,” ಎಂದೆ. ಲೆಕ್ಕ ನನಗೆ ಎಷ್ಟು ಬಾಯಿಪಾಠವಾಗಿತ್ತು ನೋಡಿ.

“ಆತಲ್ಲ, ಮೂರಾ ಮಂದಿ. ಹಿಂದಿನ ಓಣ್ಯಾಗ ಭಾಳ ಚಲೋ ಲಾಜ್ ಐತಿ, ಟೀವಿ ಸುದ್ದಾ ಐತಿ. ನಾನಾ ಹೇಳಿ ಕೊಡಸ್ತೇನಿ. ಆ ಮಕ್ಕಳಿಗೂ ಅನುಕೂಲ ಆಕ್ಕೈತಿ.”

ಇಷ್ಟು ಮರ್ಯಾದೆಯಿಂದ ಅವಮಾನ ಮಾಡುವ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಅಂಗಳಕ್ಕೆ ಬಂದು ದೇಸಾಯಿ ಸರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಟೀವಿ ಐತಿ ಅಂದ್ರಲ್ಲ?” ಎಂದರು. “ಮತ್ತೇನ ಬೇಕ್ರಿ? ಎರಡ ದಿವಸದ ಮಾತು. ಮಗದುಮ್ ಸರ್‌ನ ಅವ್ರ ಜೋಡಿ ಕಳಸ್ರಿ.”

ಈಗ ನಾನು ಸಿಟ್ಟಿಗೆದ್ದು ಕಾಕಾನ ರಜಿಸ್ಟರ್ ಹರಿದು ಹಾಕಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಮಾಡಿದ್ದು ಬೇರೆ. ಚಿಲಕವಿರುವ ಹದಿನಾರು ಬಾಗಿಲುಗಳನ್ನು ನೋಡಿದೆ. ಎರಡು ದಿನದ ಮಾತು ಎಂದುಕೊಂಡೆ. ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು ವಿಚಾರ ಮಾಡಿ, ಪ್ರಣಾಲಿಯ ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಸಿಹಿ ದನಿಯಲ್ಲಿ ಶುರು ಮಾಡಿದೆ.

“ಪ್ರಣಾಲಿ, ಇಲ್ಲೆ ಗದ್ದಲ ಭಾಳ ಆಕ್ಕೈತಿ. ನೀವು ಮೂರು ಮಂದಿ—”

ಅವಳು ನನ್ನ ಕೈಯಲ್ಲಿದ್ದ ಯಾದಿಯ ಪ್ರತಿಯನ್ನು ನೋಡುತ್ತಿದ್ದಳು.

“ಬಾಯಿ, ನಮ್ಮ ಅಡ್ಡಹೆಸರ ಯಾಕ ಬರದಿಲ್ರಿ?”

“ಯಾರದೂ ಬರದಿಲ್ಲವಾ. ಎಲ್ಲಾರದೂ ಬರೇ ಅಕ್ಷರ.”

ಅವಳು ಕಾಗದದ ಕೆಳಗೆ ಬೆರಳಿಟ್ಟಳು.

“ನಿಮ್ಮದು ಪೂರಾ ಐತ್ರಿ.”

ಇತ್ತು. ‘ಮಹಾದೇವಿ ಗುರುಪಾದಪ್ಪ ಪಟ್ಟಣಶೆಟ್ಟಿ, ಪ್ರವಾಸ ಪ್ರಮುಖರು’ ಎಂದು ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಆ ಬಾಗಿಲು ತೆರೆದದ್ದೇ ಆ ಅಡ್ಡಹೆಸರಿಗೆ. ಅದನ್ನು ಒಂದು ಅಕ್ಷರಕ್ಕೆ ಇಳಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅವಳು ಅಳಲಿಲ್ಲ, ಜೋರಾಗಿಯೂ ಮಾತಾಡಲಿಲ್ಲ. ಪಾಠದಲ್ಲಿ ನನ್ನ ತಪ್ಪು ಹಿಡಿದಾಗ ಹೇಗೆ ನೋಡುತ್ತಿದ್ದಳೋ ಹಾಗೇ ನೋಡಿದಳು. ನನ್ನ ಕೈ ಅವಳ ಹೆಗಲಿನಿಂದ ಜಾರಿತು. ಮಗದುಮ್ ಸರ್ ಹತ್ತಿರವೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಯಾವ ವಿಷಯಕ್ಕೂ ಅಭಿಪ್ರಾಯ ಹೇಳುವ ಚಟ ಅವರಿಗಿರಲಿಲ್ಲ.

“ಸರ್, ಎಲ್ಲಾರ ಸಾಮಾನ ಎತ್ತಸ್ರಿ. ಹೋಗೂನು,” ಎಂದೆ.

ಅವರು ಎಲ್ಲಿಗೆ ಎಂದು ಕೇಳಲಿಲ್ಲ. ಕೊರಳಲ್ಲಿದ್ದ ಸೀಟಿ ಊದಿದರು. ಮೂವತ್ತಾರು ಮಕ್ಕಳು ಸಾಲಾಗಿ ನಿಂತು, ಚೀಲ ಹೊತ್ತು, ಹೊರಗೆ ನಡೆದರು. ಚನ್ನಪ್ಪ ಕಾಕಾ ಗೇಟಿನವರೆಗೂ ಬಂದು, “ಚಹಾ ಆದ್ರೂ ಪೂರ್ತಿ ಕುಡೀಬೇಕಿತ್ತು ಅವ್ವಾ,” ಎಂದು ನಿಜವಾಗಿ ನೊಂದುಕೊಂಡರು.

ಫುಟ್‌ಪಾಥಿನ ಮೇಲೆ ನಿಂತಾಗ ನನ್ನ ಪರಾಕ್ರಮ ಇಳಿಯಿತು. ಬಿಸಿಲೇರುತ್ತಿತ್ತು. ಬೆಲ್ಲದ ವ್ಯಾಪಾರಿಯ ಮಗಳೊಬ್ಬಳು ಸ್ನಾನ ಯಾವಾಗ ಎಂದು ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ನನ್ನ ಹಳೆಯ ಪುಸ್ತಕದಲ್ಲಿದ್ದ ನಂಬರುಗಳಿಗೆಲ್ಲ ಫೋನ್ ಮಾಡಿದೆ. ಒಬ್ಬ ಹುಡುಗಿಯರು ಬೇಡ ಎಂದ. ಒಬ್ಬ ಹುಡುಗರು ಬೇಡ ಎಂದ. ಒಬ್ಬ ಮಕ್ಕಳೆಲ್ಲ ಇರಲಿ, ಶಿಕ್ಷಕರು ಬೇಡ ಎಂದ. ಪ್ರಣಾಲಿ, ಸುಜಾತಾ, ರೋಹಿತ ಮೂವರೂ ಉಳಿದವರಿಂದ ಸ್ವಲ್ಪ ದೂರ, ತಮ್ಮಿಂದಲೇ ಇದೆಲ್ಲ ಆಯಿತೇನೋ ಎಂಬಂತೆ ನಿಂತಿದ್ದರು. ಅದನ್ನು ನೋಡುವುದು ನನಗೆ ಬಿಸಿಲಿಗಿಂತ ಕಷ್ಟವಾಯಿತು. ಹೋಗಿ ಏನಾದರೂ ಹೇಳಬೇಕಿತ್ತು. ಫೋನ್ ಹಚ್ಚುವ ಗಡಿಬಿಡಿಯಲ್ಲಿರುವವಳಂತೆ ನಟಿಸಿದೆ.

ನೀರು ತುಂಬಿಸಿಕೊಳ್ಳಲೆಂದು ಮಗದುಮ್ ಸರ್ ಮಕ್ಕಳ ಬಾಟಲಿಗಳೊಂದಿಗೆ ಎದುರಿನ ಸರಕಾರಿ ಶಾಲೆಯೊಂದಕ್ಕೆ ಹೋದರು. ಅಲ್ಲಿನ ಕಾವಲುಗಾರ ದುಂಡಪ್ಪ ಇವರ ಮಾತು ಕೇಳಿ, “ಯಾವೂರ್ರಿ? ಗಡಹಿಂಗ್ಲಜ ಕಡೇವ್ರೇನು?” ಎಂದನಂತೆ. ಅವನು ಮಹಾಗಾಂವದವನು. ಅವನೇ ನನ್ನನ್ನು ಮುಖ್ಯಾಧ್ಯಾಪಕಿಯ ಹತ್ತಿರ ಕರೆದೊಯ್ದ. ಒಂದು ಕಾಲಕ್ಕೆ ಅಲ್ಲಿ ಕನ್ನಡ ವಿಭಾಗ ತುಂಬಿ ತುಳುಕುತ್ತಿತ್ತಂತೆ, ಈಗ ಮೇಲಿನ ಮಹಡಿಯ ಖೋಲಿಗಳು ಖಾಲಿ. ಆ ಹೆಂಗಸು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಕೇಳಿದಳು.

“ಎಷ್ಟು ಮಂದಿ? ಹುಡುಗಿಯರೆಷ್ಟು?”

“ಮೂವತ್ತಾರು. ಅದರಾಗ ಹುಡುಗ್ಯಾರು ಹತ್ತೊಂಬತ್ತು.”

“ಹುಡುಗಿಯರು ಮೇಲೆ, ಹುಡುಗರು ಕೆಳಗೆ. ನೀರು ಆರರಿಂದ ಏಳರವರೆಗೆ. ಅರ್ಜಿ ಸೋಮವಾರ ಕೊಡಿ.”

ಸೋಮವಾರ ನಾವು ಊರು ಸೇರಿರುತ್ತಿದ್ದೆವು. ಅದು ಅವಳಿಗೂ ಗೊತ್ತಿತ್ತು. ಯಾರ ಹೆಸರನ್ನೂ ಅವಳು ಕೇಳಲಿಲ್ಲ, ನನ್ನದನ್ನೂ. ಬೆಂಚುಗಳನ್ನು ಜೋಡಿಸಿ ಅಣ್ಣನ ಚಾದರು ಹಾಸಿದೆವು. ಒಂದು ಚಿಲಕ ಕೂಡಿಸಿದೆ. ಎರಡು ದಿನ ಮಕ್ಕಳು ಮುಂಬೈ ನೋಡಿದರು, ಬೆನ್ನು ಹಿಡಿದುಕೊಂಡು ಊರಿಗೆ ಬಂದರು.

ಬಂದ ಮರುದಿನವೇ ದೇಸಾಯಿ ಸರ್ ಲಿಖಿತ ಖುಲಾಸೆ, ಅಂದರೆ ವಿವರಣೆ, ಕೇಳಿದರು. ಟ್ರಸ್ಟಿಯವರಿಗೆ ಅಪಮಾನವಾಗಿತ್ತಂತೆ, ಅಣ್ಣನ ಗಿರಾಕಿ ಕೈತಪ್ಪಿದ್ದ. ‘ಪೂರ್ವನಿಯೋಜಿತ ಉತ್ತಮ ವಸತಿಯನ್ನು ಬಿಟ್ಟು ವಿದ್ಯಾರ್ಥಿಗಳನ್ನು ಬೆಂಚಿನ ಮೇಲೆ ಮಲಗಿಸಿದ ಕಾರಣವೇನು?’ ಎಂದು ಬರೆದಿದ್ದರು. ನಿಜ ಬರೆದರೆ ಶಾಲೆ ನಡೆಸುವ ಸಂಸ್ಥೆಯವರೆಗೆ ಹೋಗುತ್ತದೆ, ಪೇಪರಿನವರು ಬರುತ್ತಾರೆ, ಅಣ್ಣ ಮನೆಗೆ ಬರುವುದು ನಿಲ್ಲಿಸುತ್ತಾನೆ. ಫುಟ್‌ಪಾಥಿನ ಮೇಲೆ ತೋರಿಸಿದ ಧೈರ್ಯ ಸಾಕೆನಿಸಿ, ಒಂದೇ ಸಾಲು ಬರೆದೆ: ‘ಸದರಿ ಸ್ಥಳದಲ್ಲಿ ನೀರಿನ ಅಡಚಣೆ ಇದ್ದ ಕಾರಣ.’ ಅದನ್ನೋದಿ ದೇಸಾಯಿ ಸರ್ ಬಹಳ ಸಮಾಧಾನಪಟ್ಟು ಪಾಲಕರ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದರು.

ಸಭೆ ಮುಗಿದ ಮೇಲೆ ಪ್ರಣಾಲಿಯ ತಂದೆ ಸದಾಶಿವ ಕಾಂಬಳೆ ನನ್ನ ಹತ್ತಿರ ಬಂದರು. ಎಸ್.ಟಿ. ಸ್ಟ್ಯಾಂಡಿನ ಹಿಂದೆ ಅವರದು ವೆಲ್ಡಿಂಗ್ ಅಂಗಡಿ. ನಮ್ಮ ಶಾಲೆಯ ಗೇಟು ಅವರೇ ಮಾಡಿದ್ದು.

“ಬಾಯಾರ, ನೀರಿಂದ ಅಡಚಣಿ ಇತ್ತು ಅಂತ ನೀವಾ ಬರದ ಕೊಟ್ಟೀರೇನ್ರಿ?”

“ಹೌದ್ರಿ.”

“ಮನಿಯಾಗ ಮಗಳು ಬ್ಯಾರೇನ ಹೇಳ್ಯಾಳ. ನಿಮ್ಮಿಬ್ಬರೊಳಗ ಯಾರೋ ಒಬ್ರು ಸುಳ್ಳ ಹೇಳಾಕತ್ತೀರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಸಾಲ್ಯಾಗ ಸುಳ್ಳ ಹೇಳೂದ ಕಲತಾಳೇನು, ಅಷ್ಟ ಕೇಳಾಕ ಬಂದೆ.”

ನಾನು ಬರೆದ ಒಂದು ಸಾಲು ಕಡತಕ್ಕೆ ಸೇರಿ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಅದು ಊರೆದುರು ಒಂದು ಹುಡುಗಿಯನ್ನು ಸುಳ್ಳುಗಾತಿ ಮಾಡಿತ್ತು.

ಆ ದಿನ ಸಂಜೆ ಮನೆಯಲ್ಲಿ ಕೂತು ಎರಡನೆಯ ಖುಲಾಸೆ ಬರೆದೆ. ನಾಲ್ಕು ಪುಟವಾಯಿತು. ಯಾದಿ ಬರೆದ ರೀತಿ, ಕಾಕಾನ ಮಾತು, ಫೋನಿನಲ್ಲಿ ಸರ್ ಹೇಳಿದ್ದು, ಚಹಾ ಕುಡಿಯುವಷ್ಟು ಹೊತ್ತು ನಾನು ಒಪ್ಪಿಕೊಂಡಿದ್ದು, ಎಲ್ಲ. ಮರುದಿನ ಶಾಲೆಗೆ ಹೋಗುವ ಮೊದಲು ವೆಲ್ಡಿಂಗ್ ಅಂಗಡಿಗೆ ಹೋದೆ. ಸದಾಶಿವ ಮಷೀನ್ ಬಂದ್ ಮಾಡಿ, ಕೈಗೆ ಮಸಿ ಇದೆ, ನೀವೇ ಓದಿರಿ ಎಂದರು. ಓದಿದೆ. ನಡುವೆ ಒಂದು ಕಡೆ ತಡೆದರು.

“ಅಲ್ಲೆ ಏನ ಬರದೀರಿ? ಇನ್ನೊಮ್ಮೆ ಓದ್ರಿ.”

“ ‘ಮೂವರು ವಿದ್ಯಾರ್ಥಿಗಳನ್ನು ಬೇರೆ ಕಡೆ ಇರಿಸಲು ಸೂಚಿಸಿದರು.’ ”

“ಯಾವ ಮೂವರ್ರಿ? ಹೆಸರ ಬರೀರಿ.”

ಅವರ ಕಬ್ಬಿಣದ ಸ್ಟೂಲಿನ ಮೇಲೆ ಕಾಗದವಿಟ್ಟು, ಆ ಸಾಲು ಹೊಡೆದು ಹಾಕಿ, ಮೂರೂ ಮಕ್ಕಳ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಬರೆದೆ.

ದೇಸಾಯಿ ಸರ್ ನಾಲ್ಕು ಪುಟವನ್ನೂ ನಿಂತೇ ಓದಿದರು. ಓದಿ, ಮಡಚಿ, ಮೇಜಿನ ಖಾನೆಯಲ್ಲಿಟ್ಟು, “ಬಾಯಾರ, ನಿಮ್ಮ ಪ್ರಕೃತಿ ಇತ್ತಿತ್ಲಾಗ ಸರಿ ಇಲ್ಲ ಅನಸ್ತೈತಿ,” ಎಂದರು. ಅನಾರೋಗ್ಯದ ಕಾರಣದಿಂದ ನನ್ನನ್ನು ಪ್ರವಾಸದ ಜವಾಬ್ದಾರಿಯಿಂದ ಬಿಡುಗಡೆ ಮಾಡಲಾಗಿದೆ ಎಂದು ನೋಟಿಸ್ ಹಚ್ಚಿದರು. ಆದರೆ ಖಾನೆಯಲ್ಲಿದ್ದ ಕಾಗದದ, ನಾನೇ ಕೊಟ್ಟ ಒಂದು ಪ್ರತಿ ಸದಾಶಿವರ ಹತ್ತಿರವೂ ಇತ್ತು. ಮುಂದಿನ ಪಾಲಕರ ಸಭೆಯಲ್ಲಿ ಅವರು ಎದ್ದು ನಿಂತು, ಮೊದಲನೆಯ ಖುಲಾಸೆ ಓದಿದಿರಿ, ಎರಡನೆಯದನ್ನೂ ಓದಿರಿ ಎಂದರು. ದೇಸಾಯಿ ಸರ್ ಓದಲಿಲ್ಲ. ಪ್ರಣಾಲಿಯೇ ಎದ್ದು, ನಾಲ್ಕು ಪುಟವನ್ನೂ ಓದಿದಳು. ನನ್ನ ಚಹಾದ ಸಾಲು ಬಂದಾಗ ನನ್ನ ಕಡೆ ನೋಡದೆ ಓದಿ ಮುಂದೆ ಹೋದಳು. ಅದು ಅವಳ ದೊಡ್ಡತನ.

ಅಣ್ಣ ಎರಡು ದೀಪಾವಳಿ ಮಾತಾಡಲಿಲ್ಲ. ನನ್ನ ಅನಾರೋಗ್ಯವೂ ಎರಡೇ ವರ್ಷ ಉಳಿಯಿತು. ಬೇರೆ ಯಾರೂ ಆ ಕೆಲಸ ಒಪ್ಪದೇ ಹೋದಾಗ ನಾನು ಗುಣವಾಗಿದ್ದೇನೆಂದು ಸಭೆಯೇ ಸರ್ವಾನುಮತದಿಂದ ತೀರ್ಮಾನಿಸಿತು.

ಆಮೇಲೆ ಮೊಬೈಲು ಆ್ಯಪುಗಳು ಬಂದವು. ಈಗ ಮುಂಬೈಯ ಯಾವ ಲಾಜೂ ಕೊಳಕಾಗಿಲ್ಲ. ಫೋಟೋದಲ್ಲಿ ಎಲ್ಲ ಹಾಸಿಗೆಯೂ ಬೆಳ್ಳಗಿದೆ, ಎಲ್ಲ ಕಿಟಕಿಯಿಂದಲೂ ಸಮುದ್ರ ಕಾಣುತ್ತದೆ. ಚಿಲಕದ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ.

ನನ್ನ ಜಾಗಕ್ಕೆ ಸ್ನೇಹಾ ಎಂಬ ಹೊಸ ಹುಡುಗಿ ಬಂದಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು.

“ಬಾಯಾರ, ಮುಂಬೈಯಾಗ ಅಗ್ಗದ್ದೊಂದು ಚಲೋ ಜಾಗಾ ಸಿಕ್ಕೈತ್ರಿ. ಆದ್ರ ಮಾಲಕ ಫೋನ್ ಮಾಡಿ, ಹುಡುಗ್ರು ಯಾವ ಯಾವ ಮಂದಿ ಅಂತ ಕೇಳಾಕತ್ತಾನ. ಏನ ಹೇಳ್ಲಿ?”

“ಆ ಪ್ರಶ್ನಾ ವಾಟ್ಸಾಪಿನ್ಯಾಗ ಬರದ ಕಳಸ್ರಿ, ಬರದ ಉತ್ತರಾ ಕೊಡ್ತೇನಿ ಅಂತ ಹೇಳವಾ,” ಎಂದೆ. ಜೀವಮಾನದ ಅನುಭವದಿಂದ ಕಲಿತ ಒಂದೇ ಒಂದು ಯುಕ್ತಿ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಹತ್ತು ನಿಮಿಷಕ್ಕೆ ಮತ್ತೆ ಫೋನ್ ಬಂತು.

“ಬಾಯಾರ, ನೀವ್ ಹೇಳಿದಂಗ ಆತು. ಬರಿಯೂದೇನ ಬ್ಯಾಡ, ಯಾರರೆ ಇರ್ಲಿ, ಬರ್ರಿ ಅಂದ.”

“ಮುಗೀತಲ್ಲ. ಬುಕ್ ಮಾಡಿದೇನು?”

“ಇಲ್ರಿ,” ಎಂದಳು ಸ್ನೇಹಾ. “ಅಂಥವನ ಮನಿಯಾಗ ಹುಡುಗ್ರನ್ನ ಹೆಂಗ ಮಲಗಸ್ಲಿ? ನಾನಾ ಬ್ಯಾಡ ಅಂದೆ.”

ಆ ಚಹಾ ಕುಡಿಯುವಷ್ಟು ಹೊತ್ತು ಇವಳಿಗೆ ಬೇಕಾಗಲೇ ಇಲ್ಲ.

“ಮತ್ತ ಈಗ ಎಲ್ಲೆ ಇಳಸ್ತಿ ಅವ್ವಾ?”

“ಗೊತ್ತಿಲ್ರಿ. ಹುಡಕಾಕತ್ತೇನಿ.”